ತೊಡೆಸಂದಿನ ಸೋಸವ್ವ

ಮೈಯೂರು ಅಂತ ಒಂದು ರಾಜ್ಯ ಇತ್ತು ಮಕ್ಕಳೇ. ಅಲ್ಲಿ ಎದೆರಾಯ ಅಂತ ರಾಜ. ಒಂದು ಗಳಿಗೆ ಸುಮ್ಮನೆ ಕೂತವನಲ್ಲ. ಕೆಂಪು ನೀರನ್ನು ಒತ್ತಿ ಒತ್ತಿ ಕೇರಿಕೇರಿಗೂ ಕಳಿಸುತ್ತಿದ್ದ. ಅದರಲ್ಲಿ ಒಂದಿಷ್ಟು ಗೋಡೆ ಒಸರಿ ಸಂದಿಗೊಂದಿಗೆ ಇಳಿಯುತ್ತಿತ್ತು. ಆ ಒಸರು ನೀರನ್ನು ಕೂಡಿಸಿ, ಸೋಸಿ, ಮತ್ತೆ ರಾಜನ ಕೊಳಕ್ಕೆ ಮುಟ್ಟಿಸುವವಳು ತೊಡೆಸಂದಿನ ಸೋಸವ್ವ. ಅವಳ ಕಾಲುವೆಗೆ ಒತ್ತುವವರಿಲ್ಲ. ಊರ ಕಾಲುಗಳು ನಡೆದರೆ ನೀರು ಹರಿಯುತ್ತಿತ್ತು, ಕೂತರೆ ನಿಲ್ಲುತ್ತಿತ್ತು. ಸದ್ದಿಲ್ಲದ ಕೆಲಸ ನೋಡಿ, ಅವಳನ್ನು ಕೇಳುವವರೇ ಇರಲಿಲ್ಲ.

ಒಂದು ದಿನ ಊರ ಕಾಲಿನ ಹಿಮ್ಮಡಿಗೆ ಮುಳ್ಳು ಚುಚ್ಚಿತು. ಅದರ ಜೊತೆ ಮುಳ್ಳಯ್ಯ ಅನ್ನೋ ಕಳ್ಳ ನುಗ್ಗಿದ. ರಾಜನ ಕೊಳಕ್ಕೆ ವಿಷ ಬೆರೆಸೋದು ಅವನ ಹುನ್ನಾರ. ಒಸರು ನೀರಲ್ಲಿ ತೇಲಿ ಸೋಸವ್ವನ ಬಾಗಿಲಿಗೆ ಬಂದ.

"ಚರ್ಮದ ಕೇರಿಯವನು ಅವ್ವ, ದಾರಿ ಬಿಡು."

"ಹಚ್ಚೆ ತೋರಿಸಪ್ಪ," ಅಂದಳು. ಆ ಊರಲ್ಲಿ ಹುಟ್ಟಿದವರ ತೋಳಿಗೆಲ್ಲ ಒಂದೇ ಹಚ್ಚೆ.

ಹಚ್ಚೆ ಎಲ್ಲಿಂದ ಬರಬೇಕು? ಹೋದ, ಮತ್ತೆ ಬಂದ. "ಮೂಳೆ ಕೇರಿಯವನು ಅವ್ವ."

"ಹಚ್ಚೆ?"

ಮೂರನೇ ಸಲ ಬಳಗವನ್ನೇ ಕಟ್ಟಿಕೊಂಡು ಬಂದ. ಸೋಸವ್ವ ಊರು ಕಾಯುವ ಬಿಳಿಯಾಳುಗಳನ್ನು ಕೂಗಿದಳು. ಆದರೆ ನೂಕುನುಗ್ಗಲಲ್ಲಿ ಕಳ್ಳರು ಯಾರು, ಊರವರು ಯಾರು ಅಂತ ಅವರಿಗೆ ಗುರುತು ಹತ್ತಲಿಲ್ಲ. ಜಗಳಕ್ಕೆ ಬಾಗಿಲು ಗಂಟಿನಂತೆ ಊದಿತು. ಊರಿಗೆಲ್ಲ ನೋವು.

ಮುಳ್ಳಯ್ಯ ಹೊರಗಿನಿಂದಲೇ ಅರಚಿದ: "ನೋವು ಕೊಡ್ತಿರೋಳು ಸೋಸವ್ವ. ಅವಳನ್ನ ಓಡಿಸಿ."

ಊತ ಎಲ್ಲಿದೆಯೋ ತಪ್ಪೂ ಅಲ್ಲೇ ಇದೆ ಅನ್ನೋದು ಮೈಯೂರಿನವರ ಹಳೇ ಚಾಳಿ. ನಂಬಿಬಿಟ್ಟರು. ಎದೆರಾಯನೂ ಹೇಳಿ ಕಳಿಸಿದ: "ಬಾಗಿಲು ತೆಗಿ ಸೋಸವ್ವ, ಇಲ್ಲ ಮನೆ ಬಿಡು."

ಸೋಸವ್ವನಿಗೆ ಅಳು ಒತ್ತರಿಸಿ ಬಂತು. ಬಾಗಿಲು ತೆಗೆದರೆ ದೊರೆ ಉಳಿಯೋದಿಲ್ಲ. ಸೆರಗಲ್ಲಿ ಕಣ್ಣೊರೆಸಿಕೊಂಡು ಕಳ್ಳನಿಗೆ ಹೇಳಿದಳು: "ದೊರೆ ಅಪ್ಪಣೆ ಆಗಿದೆಯಪ್ಪ, ತೆಗೀತೀನಿ. ಆದ್ರೆ ಮುಂದೆ ಯಾರಾದ್ರೂ ತಡೆದಾರು. ನಾನೇ ಒಂದು ಹಚ್ಚೆ ಹಾಕಿಕೊಡ್ತೀನಿ, ತೋಳು ಚಾಚು."

ಕಳ್ಳ ಹಿರಿಹಿರಿ ಹಿಗ್ಗಿದ. ಅವನೂ ಚಾಚಿದ, ಅವನ ಬಳಗವೂ ಚಾಚಿತು. ಸೋಸವ್ವ ಹಾಕಿದ್ದು ಊರಿನ ಹಚ್ಚೆಯಲ್ಲ, 'ಇವನನ್ನು ಹಿಡಿಯಿರಿ' ಅನ್ನೋ ಗುರುತು. ಮುಳ್ಳಯ್ಯ ತೋಳೆತ್ತಿ ಮೆರೆಯುತ್ತಾ ಹೊಸ್ತಿಲು ದಾಟಿದ್ದೇ ತಡ, ಬಿಳಿಯಾಳುಗಳು ಆ ಗುರುತು ನೋಡಿ ಅವನನ್ನೂ ಬಳಗವನ್ನೂ ಗಬಕ್ಕನೆ ನುಂಗಿದರು. ಒಬ್ಬನೂ ಕೊಳ ಮುಟ್ಟಲಿಲ್ಲ.

ಊತ ಇಳಿಯಿತು. ಎದೆರಾಯನಿಗೆ ನಾಚಿಕೆಯಾಯಿತು. "ತಪ್ಪಾಯ್ತು ಕಣವ್ವ," ಅಂದ.

"ತಪ್ಪು ಇರಲಿ ದೊರೆ, ದಿನಾ ಜನರನ್ನ ನಡೆಸಿ. ನನ್ನ ನೀರು ಹರೀಬೇಕು," ಅಂದು ಸೋಸವ್ವ ಕೆಲಸಕ್ಕೆ ಕೂತಳು.

ನಿಮಗಾಗಿ ನೋವು ತಿನ್ನುವವರನ್ನೇ ನೋವಿಗೆ ಕಾರಣ ಅನ್ನಬೇಡಿ ಮಕ್ಕಳೇ. ಮೊದಲು ಅವರ ಬಾಗಿಲಾಚೆ ಯಾರು ನಿಂತಿದ್ದಾರೆ ನೋಡಿ.