ಬಣ್ಣ ಉಂಡ ಬ್ಯಾಕ್ಟೀರಿಯಾ

ಪ್ರಯೋಗಾಲಯದ ನೇರಳೆ ಬಣ್ಣಕ್ಕೆ ಭಾರಿ ಜಂಬ. ತನ್ನನ್ನು ಮೈಗೆ ಹಿಡಿದಿಟ್ಟುಕೊಂಡ ಬ್ಯಾಕ್ಟೀರಿಯಾಗಳದು ಒಂದು ಕುಲ, ಬಿಟ್ಟುಕೊಟ್ಟವುಗಳದು ಇನ್ನೊಂದು. ಮೂರನೆಯದು ಇಲ್ಲವೇ ಇಲ್ಲ ಎಂಬುದು ಅದರ ವಾದ.

ಒಂದು ದಿನ ಬಟ್ಟೆಗೆ ಬಣ್ಣ ಹಾಕುವವರ ಹಿತ್ತಿಲ ಬಣ್ಣ ಕುಡಿದ ಮಣ್ಣಿನಿಂದ ಹೊಸ ಬ್ಯಾಕ್ಟೀರಿಯಾ ಒಂದು ಬಂತು.

"ನನ್ನ ಕುಲ ಯಾವುದೋ ನಾನೇ ಅರಿಯೆ, ಸ್ವಾಮಿ. ಹೇಳುವಿರಾ?" ಎಂದು ಅಂಜುತ್ತ ಕೇಳಿತು.

"ನಾನು ಮೈಮೇಲೆ ಬಿದ್ದರೆ ಎಂಥವರ ಬಂಡವಾಳವೂ ಬಯಲು!" ಎನ್ನುತ್ತ ಬಣ್ಣ ಅದರ ಮೇಲೆ ಸುರಿಯಿತು.

ಬ್ಯಾಕ್ಟೀರಿಯಾಕ್ಕೆ ತವರಿನ ವಾಸನೆ ಬಡಿಯಿತು, ಹಸಿವು ಕೆರಳಿತು.

ಸೂಕ್ಷ್ಮದರ್ಶಕ ಬಗ್ಗಿ ನೋಡಿ ಬೆರಗಾಯಿತು. "ಬಣ್ಣ ಎಲ್ಲಯ್ಯಾ?"

"ಕ್ಷಮಿಸಿ, ಊಟವೆಂದುಕೊಂಡು ಉಂಡುಬಿಟ್ಟೆ."

ಸೂಕ್ಷ್ಮದರ್ಶಕ ಹಿಗ್ಗಿ ಸಾರಿತು: "ಹಿಡಿದವರನ್ನು ಕಂಡಿದ್ದೆ, ಬಿಟ್ಟವರನ್ನೂ ಕಂಡಿದ್ದೆ. ಅಳೆಯಲು ಬಂದವನನ್ನೇ ಅರಗಿಸಿಕೊಂಡವರನ್ನು ಇಂದೇ ಕಂಡೆ. ನಿನ್ನ ಕುಲ ನಿನ್ನಿಂದಲೇ ಶುರು!"