ಪುರಿ ಭಟ್ಟಿಯ ಬೂದವ್ವ

ಬಾ ಕಂದ, ಕಂಬಳಿ ಎಳ್ಕೋ. ಹೂಂ ಅಂತಿರಬೇಕು, ನಿನ್ನ ಹೂಂ ನಿಂತರೆ ನನ್ನ ಕತೇನೂ ನಿಂತುಬಿಡುತ್ತೆ.

ಒಂದಾನೊಂದು ಕಾಲ ಅಂತಾರಲ್ಲ, ಅಂಥಾ ಕಾಲದಲ್ಲಿ ಹೊಳೆ ದಡದ ಒಂದೂರಲ್ಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳಂತೆ. ಅಕ್ಕಿ ಹುರಿದು ಪುರಿ ಮಾಡೋದು ಅವಳ ಕಸುಬು. ಗಂಡ ಚಿಕ್ಕ ವಯಸ್ಸಿಗೇ ತೀರಿಹೋಗಿದ್ದ, ಮಕ್ಕಳಿಲ್ಲ, ಮನೇಲಿ ಅವಳು ಮತ್ತೆ ಅವಳತ್ತೆ ಮುದ್ದವ್ವ ಇಬ್ಬರೇ. ಹಿತ್ತಲಲ್ಲಿ ಮಣ್ಣಿನ ಭಟ್ಟಿ, ಪಕ್ಕದ ಕೋಣೆ ತುಂಬ ಅಕ್ಕಿ ಮೂಟೆ. ಅಕ್ಕಿ ಇದ್ದ ಕಡೆ ಇಲಿ ಬಿಡುತ್ತಾ? ಅದಕ್ಕೇ ಒಂದು ಬೂದಿ ಬಣ್ಣದ ಹೆಣ್ಣು ಬೆಕ್ಕು ಸಾಕಿದ್ದಳಂತೆ, ಬೂದವ್ವ ಅಂತ ಹೆಸರಿಟ್ಟು. ಬೂದವ್ವ ಇಲಿ ಹಿಡಿದರೆ ತಾನು ತಿನ್ನೋಕೆ ಮುಂಚೆ ತಂದು ಕೆಂಪಾಜಮ್ಮನ ಕಾಲ ಹತ್ರ ಇಡೋದಂತೆ. ಇವಳು ಭಲೇ ನನ್ನ ಮಗಳೇ ಅಂತ ಬೆನ್ನು ಸವರಿ ಒಂದು ಚಿಪ್ಪು ಹಾಲು ಹಾಕೋಳಂತೆ.

ಹೀಗಿರುವಾಗ ಕೆಂಪಾಜಮ್ಮ ಒಂದ್ಸಲ ತವರಿಗೆ ಹೋದಾಗ ಅವಳವ್ವ ಒಂದು ಕೆಂಚು ಕೋಳಿಯನ್ನ ಮಡಿಲಿಗೆ ಹಾಕಿ ಕಳಿಸಿದಳಂತೆ. ಅದಾಗಿ ಸ್ವಲ್ಪ ದಿನಕ್ಕೇ ಆ ಅವ್ವ ಕಣ್ಮುಚ್ಚಿದಳು. ಕೋಳಿ ಮುಖ ನೋಡಿದಾಗೆಲ್ಲ ಇವಳಿಗೆ ಅವ್ವನ ಮುಖವೇ ಕಾಣೋದಂತೆ. ಆಮೇಲೆ ಕೋಳಿ ಕಾವು ಕೂತು ಮರಿ ಮಾಡಿತು. ಬೂದವ್ವ ಹತ್ರ ಸುಳಿದರೆ ಸಾಕು, ಕೋಳಿ ರೆಕ್ಕೆ ಬಿಚ್ಚಿ ಮೂತಿಗೇ ಕುಕ್ಕೋದು, ಬೂದವ್ವ ಬಾಲ ಮಡಚಿಕೊಂಡು ಭಟ್ಟಿ ಬುಡಕ್ಕೆ ಓಡೋದು. ಎಲ್ಲಾ ಸರಿಯಾಗಿತ್ತಂತೆ. ಆದರೆ ಒಂದು ಮಧ್ಯಾಹ್ನ ಬೇಲಿ ಸಂದಿಯಿಂದ ಮುಂಗುಸಿ ನುಗ್ಗಿ ಕೋಳಿ ಕತ್ತಿಗೇ ಬಾಯಿ ಹಾಕಿಬಿಡ್ತು. ಮರಿಗಳು ತಬ್ಬಲಿಯಾದವು.

ಮುದ್ದವ್ವ ಹೇಳಿದಳಂತೆ, ಕೆಂಪೀ, ಇಷ್ಟು ದಿನ ಬೆಕ್ಕನ್ನ ತಡೀತಿದ್ದದ್ದು ಆ ತಾಯಿ, ಇನ್ಮೇಲೆ ನೀನೇ ತಾಯಿ, ಮರಿಗಳನ್ನ ಮಕ್ಕರಿ ಬುಟ್ಟಿ ಕೆಳಗೆ ಹಾಕು, ಮಕ್ಕರಿ ಮೇಲೆ ಕಲ್ಲಿಡು. ಕೆಂಪಾಜಮ್ಮ ನಕ್ಕುಬಿಟ್ಟಳು. ಬೂದವ್ವ ನನ್ನ ಕೈಯಲ್ಲಿ ಹಾಲು ಕುಡಿದು ಬೆಳೆದೋಳು ಅತ್ತೆ, ಮನೆ ಮಗಳು ಮನೆ ಮರಿ ಮುಟ್ತಾಳಾ, ಅಂದಳಂತೆ.

ಮೊದಲನೇ ಸಲ ಬೂದವ್ವ ಬರೀ ನೋಡುತ್ತಾ ಕೂತಿತ್ತಂತೆ. ಮರಿಗಳು ಬೆಚ್ಚಗಿರಲಿ ಅಂತ ಭಟ್ಟಿ ಬುಡಕ್ಕೇ ಬಿಟ್ಟಿದ್ದಳಲ್ಲ, ಬೂದವ್ವ ಮಲಗೋ ಜಾಗವೂ ಅದೇ. ಮೈ ಕದಲ್ತಿಲ್ಲ, ಬಾಲದ ತುದಿ ಮಾತ್ರ ಆಡ್ತಿದೆ. ನೋಡಿ ಅತ್ತೆ, ಜೋಗುಳ ಹಾಡ್ತಿದಾಳೆ ಅಂದಳು ಕೆಂಪಾಜಮ್ಮ. ಜೋಗುಳ ಅಲ್ಲ ಕಣೇ ಅದು, ಅಂದಳು ಮುದ್ದವ್ವ.

ಎರಡನೇ ಸಲ ಒಂದು ಮರಿ ಕಾಲು ಕುಂಟುತ್ತಾ ಬಂತಂತೆ. ಕೆಂಪಾಜಮ್ಮ ಅರಿಶಿನ ಮೆತ್ತಿ ಬಟ್ಟೆ ಸುತ್ತಿದಳು, ಬೂದವ್ವನ ಕಿವಿ ಹಿಂಡಿ ಬೈದಳು. ಅದಕ್ಕೇನು ಅರ್ಥವಾಗಬೇಕು? ಮಿಯಾಂವ್ ಅಂತ ಇವಳ ಸೀರೆಗೇ ಮೈ ಉಜ್ಜಿತಂತೆ. ಇವಳೂ ಕರಗಿಹೋದಳು.

ಮೂರನೇ ಸಲ ಏನಾಯ್ತಪ್ಪ ಅಂದ್ರೆ, ಪಕ್ಕದ ಬೀದೀಲಿ ಮದುವೆ, ಬೇಗ ಪುರಿ ಬೇಕು ಅಂತ ಕರೆ ಬಂತು. ಕಲ್ಲಿಟ್ಟು ಹೋಗೇ, ನನ್ನ ಕೈಲಿ ಎತ್ತೋಕಾಗಲ್ಲ, ಅಂತ ಅತ್ತೆ ಒಳಗಿಂದ ಕೂಗಿದಳು. ಕೆಂಪಾಜಮ್ಮ ಮಕ್ಕರಿ ಏನೋ ಬೋರಲು ಹಾಕಿದಳು, ಕಲ್ಲು ಮಾತ್ರ ಇಡಲಿಲ್ಲ. ತಲೆ ಮೇಲೆ ಆಗಲೇ ಪುರಿ ಮೂಟೆ, ಯಾರು ಬಗ್ಗೋರು, ಹೋದ ಕಾಲಲ್ಲೇ ಬರ್ತೀನಲ್ಲ ಅಂದ್ಕೊಂಡಳಂತೆ.

ಮದುವೆ ಮನೇಲಿ ಕೂರು ಅಂದರು, ಎಲೆಯಡಿಕೆ ಕೊಟ್ಟರು, ಮಾತಿಗೆ ಮಾತು ಬೆಳೀತು. ವಾಪಸ್ ಬಂದು ನೋಡ್ತಾಳೆ, ಮಕ್ಕರಿ ಒಂದು ಕಡೆ ಉರುಳಿದೆ, ಹಿತ್ತಲ ತುಂಬ ಹಳದಿ ತುಪ್ಪಳ. ಬೂದವ್ವ ಓಡೋಡಿ ಬಂತಂತೆ. ಬಂದು, ಬಾಯಲ್ಲಿದ್ದ ಮರಿಯನ್ನ ಕೆಂಪಾಜಮ್ಮನ ಕಾಲ ಹತ್ರ ಇಟ್ಟು, ಮುಖ ಎತ್ತಿ ನೋಡ್ತಂತೆ. ಇಲಿ ತಂದಾಗ ನೋಡ್ತಿತ್ತಲ್ಲ, ಹಾಗೇ.

ಕೆಂಪಾಜಮ್ಮನಿಗೆ ಅವ್ವನ ನೆನಪಾಯ್ತು. ಪೊರಕೆ ತಗೊಂಡು ಹೊಡೆದಳು. ಆಮೇಲೆ ಬೂದವ್ವನ್ನ ಪುರಿ ಚೀಲದೊಳಗೆ ಹಾಕಿ, ಹೊಳೆ ದಾಟಿ, ಬಿದಿರು ಮೆಳೆ ಹತ್ರ ಬಿಟ್ಟು, ತಿರುಗಿ ನೋಡದೆ ಬಂದಳಂತೆ. ಹಿಂದಿನಿಂದ ಅದು ಕೂಗಿದ್ದು ಹೊಳೆ ಸದ್ದಲ್ಲೂ ಕೇಳಿಸ್ತಿತ್ತಂತೆ.

ಮನೆಗೆ ಬಂದರೆ ಅರಿಶಿನ ಬಟ್ಟೆಯ ಆ ಕುಂಟು ಮರಿ ಮಾತ್ರ ಮೂಟೆ ಸಂದೀಲಿ ಬದುಕಿತ್ತು. ಮುದ್ದವ್ವ ಅದನ್ನ ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದಳಂತೆ. ಇಲಿ ತಂದಾಗ ಬೆನ್ನು ಸವರಿದೆ, ಮರಿ ತಂದಾಗ ಪೊರಕೆ ತಗೊಂಡೆ. ಅದು ತನ್ನ ಹುಟ್ಟುಗುಣ ಮಾಡ್ತು ಕಣೇ. ಕಲ್ಲಿಡೋ ಕೈ ಅದಕ್ಕಿತ್ತಾ, ನಿನಗಿತ್ತಾ?

ಅವತ್ತಿಂದ ಕೆಂಪಾಜಮ್ಮ ಭಟ್ಟಿ ಬುಡದಲ್ಲಿ ಖಾಲಿ ಜಾಗ ನೋಡೋಳು, ಅಳೋಳು. ಅಕ್ಕಿ ಮೂಟೆ ಇಲಿ ಪಾಲಾಯ್ತು, ಅದರ ಮೇಲೂ ಅವಳಿಗೆ ಗಮನವಿಲ್ಲ. ಕೊನೆಗೆ ಬೂದವ್ವನ್ನ ಹುಡುಕಿಕೊಂಡು ಹೊರಟಳಂತೆ. ಮೊದಲನೇ ಊರಲ್ಲಿ ಕಂಡಿಲ್ಲ ಅಂದರು. ಎರಡನೇ ಊರಲ್ಲಿ ಕಳ್ಳ ಬೆಕ್ಕು ಅಂತ ಕಲ್ಲು ಹೊಡೆದು ಓಡಿಸಿದೆವು ಅಂದರು. ಮೂರನೇ ಊರಲ್ಲಿ ಬುಟ್ಟಿ ಹೆಣೆಯೋ ಚೌಡಮ್ಮನ ಮನೆ. ಅಲ್ಲಿ ಅರ್ಧ ಹೆಣೆದ ಬುಟ್ಟಿಯೊಳಗೆ ಮೂರು ಮರಿಗೆ ಹಾಲೂಡಿಸ್ತಾ ಮಲಗಿತ್ತಂತೆ ಬೂದವ್ವ.

ಬಸುರಿ ಬೆಕ್ಕನ್ನ ಯಾವ ಪುಣ್ಯಾತ್ಗಿತ್ತಿ ಮೆಳೆಗೆ ಬಿಟ್ಟಳೋ, ಮೂಳೆ ಚಕ್ಕಳ ಆಗಿ ಬಂತು, ಅಂದಳು ಚೌಡಮ್ಮ. ಬಿಟ್ಟೋಳು ನಾನೇ ಕಣಮ್ಮ, ಅಂದಳು ಕೆಂಪಾಜಮ್ಮ. ಬಸುರಿ ಅನ್ನೋದೂ ನೋಡಲಿಲ್ಲ ನಾನು.

ಬೂದವ್ವಾ ಅಂತ ಕರೆದಳು. ಅದು ಕಿವಿ ಮಡಚಿ ಬುಟ್ಟಿಯೊಳಗೆ ಇನ್ನೂ ಹಿಂದಕ್ಕೆ ಸರೀತು. ಮರೆತಿದಾಳೆ ಅಂತ ಇವಳು ಸೆರಗು ಬಾಯಿಗೆ ಒತ್ತಿಕೊಂಡಳು. ಮರೆತಿಲ್ಲ ಕಣಮ್ಮ, ಅದಕ್ಕೇ ಬರ್ತಿಲ್ಲ, ಅಂದಳಂತೆ ಚೌಡಮ್ಮ.

ಮರಿ ಹಾಲು ಬಿಟ್ಟ ಮೇಲೆ ಇವಳು ಮತ್ತೆ ಹೋದಾಗ ಚೌಡಮ್ಮ ಒಂದನ್ನ ಇವಳ ಮಡಿಲಿಗೆ ಹಾಕಿ, ಬೆಕ್ಕಿನ ಉಗುರೂ ತೂರದಂಥ ಒತ್ತು ಹೆಣಿಗೆಯ ಒಂದು ಕೋಳಿ ಗೂಡೂ ಹೆಣೆದುಕೊಟ್ಟಳಂತೆ. ಆ ಹೊತ್ತಿಗೆ ಕುಂಟು ಮರಿ ಬೆಳೆದು ದೊಡ್ಡ ಕೋಳಿಯಾಗಿತ್ತು. ಪುಟಾಣಿ ಬೆಕ್ಕು ಹತ್ರ ಬಂದರೆ ಮೂತಿಗೆ ಕುಕ್ಕಿ ಕುಕ್ಕಿ ಬುದ್ಧಿ ಕಲಿಸಿತಂತೆ. ಆಮೇಲೆ ಆ ಕೋಳಿಯೂ ಮರಿ ಮಾಡಿತು. ಈಗ ಕೆಂಪಾಜಮ್ಮ ಯಾರನ್ನೂ ನಂಬಲಿಲ್ಲ, ತನ್ನನ್ನೂ ನಂಬಲಿಲ್ಲ. ಬೆಕ್ಕಿಗೆ ಹೊಟ್ಟೆ ತುಂಬ ಹಾಕಿ ಒಳಗೆ ಕೂಡಿ ಅಗುಳಿ ಜಡಿದ ಮೇಲೇ ಮರಿಗಳನ್ನ ಹಿತ್ತಲಿಗೆ ಬಿಡೋಳು, ಬಿಟ್ಟು ಎದುರಿಗೇ ಕೂರೋಳು. ಏಳಬೇಕಾದರೆ ಎಲ್ಲವನ್ನೂ ಗೂಡಿಗೆ ಸೇರಿಸಿ, ಮೇಲೆ ಕಲ್ಲಿಟ್ಟು ಏಳೋಳು. ಮೈತುಂಬ ಪುಕ್ಕ ಬಂದು, ಕುಕ್ಕೋ ತಾಕತ್ತು ಬರೋ ತನಕ ಹಾಗೇ ಮಾಡಿದಳು. ಒಂದು ಮರಿಯೂ ಹೋಗಲಿಲ್ಲ. ಬೆಕ್ಕೂ ಕೋಳಿಯೂ ಒಂದೇ ಹಿತ್ತಲಲ್ಲಿ ಸುಖವಾಗಿದ್ದವಂತೆ.

ಕೆಂಪಾಜಮ್ಮ ಮಾತ್ರ ಹೊಳೆಯಾಚೆ ಪುರಿ ಮಾರೋಕೆ ಹೋದಾಗೆಲ್ಲ ಚೌಡಮ್ಮನ ಜಗಲಿ ಮೇಲೆ ಒಂದು ಗಳಿಗೆ ಕೂರೋಳಂತೆ. ಮೊದಮೊದಲು ಬೂದವ್ವ ಮಾಡಿನ ಮೇಲಿಂದ ನೋಡೋದು. ಬರ್ತಾ ಬರ್ತಾ ಕೆಳಗಿಳಿದು ಜಗಲಿ ಆ ತುದೀಲಿ ಕೂರೋದು. ಇವಳು ಕೈ ಚಾಚಿದರೆ ಎದ್ದು ಹೋಗೋದು. ಆಮೇಲಾಮೇಲೆ ಕೆಂಪಾಜಮ್ಮ ಕೈ ಚಾಚೋದನ್ನೇ ಬಿಟ್ಟಳಂತೆ. ಈ ತುದೀಲಿ ಅವಳು, ಆ ತುದೀಲಿ ಅದು, ಬಿಸಿಲು ಇಳಿಯೋ ತನಕ ಸುಮ್ಮನೆ ಕೂತಿದ್ದು ಎದ್ದು ಬರೋಳಂತೆ.

ಕತೆ ಅಷ್ಟೇ ಕಂದ, ಅದೂ ಗೂಡು ಸೇರ್ತು. ಹೂಂ ಅನ್ನೋದು ಬೇಡ ಇನ್ನ, ಕಣ್ಮುಚ್ಚು.