ಸಣ್ಣೀರಿ ಕಚ್ಚಿಟ್ಟ ಕಾಳು

ಇನ್ನೂ ಸ್ವಲ್ಪ ಹತ್ತಿರ ಬನ್ನಿ ಮಕ್ಕಳೇ. ಬಾಗಿಲ ಹತ್ತಿರ ಕೂತವಳು ಬಾಗಿಲು ಮುಂದೆ ಮಾಡಿ ಬಾ. ಈಗ ಹೇಳೋದನ್ನ ಯಾರ ಹತ್ತಿರವೂ ಬಾಯಿ ಬಿಡಕೂಡದು. ಮನುಷ್ಯರಿಗೆ ಗೊತ್ತಾದರೂ ಹೋಗಲಿ, ಅಗೋ ಆ ಗೋಡೆ ಬುಡದಲ್ಲಿ ಸಾಲು ಹಿಡಿದು ಹೋಗ್ತಾವಲ್ಲ ಇರುವೆಗಳು, ಅವುಗಳ ಕಿವಿಗೆ ಮಾತ್ರ ಬೀಳಬಾರದು. ಅವರ ಮನೆತನದ್ದೇ ವಿಷಯ.

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಕ್ಕೆ ಕೂತಲ್ಲಿ ಕೂರೋದು ಗೊತ್ತಿರಲಿಲ್ಲ, ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನೋದು ತೀರ್ಮಾನವಾಗಿರಲಿಲ್ಲ. ಇಬ್ಬನಿಯಲ್ಲೇ ಹುಲ್ಲು ಬೆಳೆದು ತೆನೆ ಬಿಡುತ್ತಿತ್ತು. ಮಳೆ ಅನ್ನೋದನ್ನ ಯಾರೂ ಕಣ್ಣಲ್ಲಿ ಕಂಡಿರಲಿಲ್ಲ.

ಆಗ ಇರುವೆಗಳು ಕಾಳನ್ನ ತಲೆ ಮೇಲೆ ಹೊತ್ತು ತರುತ್ತಿದ್ದವು. ಬಾಯಲ್ಲಿ ಕಚ್ಚುವಂತಿರಲಿಲ್ಲ, ಎಂಜಲು. ಮನೆಗೆ ಬಂದ ಕಾಳಿನಲ್ಲಿ ಮೊದಲ ಹಿಡಿ ಭೂಮಿತಾಯಿಗೆ ಮೀಸಲು ಎತ್ತಿಡುವ ತನಕ ಯಾರೂ ಬಾಯಿ ತಾಗಿಸುತ್ತಿರಲಿಲ್ಲ. ತಾಗಿಸಿದವಳ ಮನೆಯಲ್ಲಿ ನೀರು ಕೂಡ ಕುಡಿಯುತ್ತಿರಲಿಲ್ಲ. ಅಷ್ಟು ಕಟ್ಟುನಿಟ್ಟು.

ಒಂದು ದಿನ ಗಾಳಿ ಏದುಸಿರು ಬಿಡುತ್ತ ಬಂತು.

"ಏನಪ್ಪ ಗಾಳಿ, ಯಾರು ಅಟ್ಟಿಸಿಕೊಂಡು ಬಂದರು?" ಅಂದಳು ದ್ಯಾವಕ್ಕ. ದ್ಯಾವಕ್ಕ ಅಂದರೆ ಹುಣಸೆಮರದ ಬುಡದ ಇರುವೆ, ಏಳು ಮಕ್ಕಳ ತಾಯಿ. ಸೊಂಟ ಸಣ್ಣ, ನಾಲಿಗೆ ಉದ್ದ.

"ಸಮುದ್ರದ ಕಡೆಯಿಂದ ಕರೀ ಮೋಡ ಹೊರಟಿದೆ ದ್ಯಾವಕ್ಕ. ನಾಲ್ಕು ತಿಂಗಳು ಮೇಲಿಂದ ನೀರು ಸುರಿಯುತ್ತಂತೆ. ಬಾಗಿಲು ತೆಗೆಯೋ ಹಾಗಿಲ್ಲ, ಆಚೆ ಕಾಲಿಡೋ ಹಾಗಿಲ್ಲ. ಒಳಗೆ ಏನಿದೆಯೋ ಅದರಲ್ಲೇ ಜೀವ ಉಳಿಸಿಕೊಳ್ಳಬೇಕು."

ಸಾಲಿಗೆ ಸಾಲೇ ಎದ್ದಿತು. ಮನೆಮನೆಯಲ್ಲೂ ಹಗೇವು ತೋಡಿದರು. ಹಗೇವು ಅಂದರೆ ನೆಲದೊಳಗೆ ಕಾಳು ತುಂಬಿಡೋ ಗುಂಡಿ. ದ್ಯಾವಕ್ಕ ಸಾಮೆಗೆ ಒಂದು ತೋಡಿದಳು, ನವಣೆಗೆ ಒಂದು, ಹುಲ್ಲಿನ ಬೀಜಕ್ಕೆ ಒಂದು. ಏಳು ಮಕ್ಕಳ ಏಳು ಹೊಟ್ಟೆ. ಹೊತ್ತಳು, ಇಳಿಸಿದಳು. ಮತ್ತೆ ಹೊತ್ತಳು, ಮತ್ತೆ ಇಳಿಸಿದಳು.

ಅವಳ ಮನೆಗೂ ಸಣ್ಣೀರಿ ಮನೆಗೂ ನಡುವೆ ಒಂದೇ ಗೋಡೆ. ಸಣ್ಣೀರಿ ಗಂಡನ ಮನೆ ಬಿಟ್ಟು ಬಂದ ಒಂಟಿ ಹೆಂಗಸು. ಯಾಕೆ ಬಿಟ್ಟಳು ಅನ್ನೋದು ಬೇರೆ ಕಥೆ, ಇದಕ್ಕಿಂತ ಚೆನ್ನಾಗಿದೆ, ಆದರೆ ನಿಮ್ಮ ವಯಸ್ಸಿಗಲ್ಲ. ಆ ಗೋಡೆಯಲ್ಲಿ ಒಂದು ಬಿರುಕು. ಬಿರುಕು ಇದ್ದ ಮೇಲೆ ದ್ಯಾವಕ್ಕ ಕಣ್ಣಿಡದೆ ಇರುತ್ತಾಳಾ? ಇಟ್ಟಳು.

ಕಂಡದ್ದೇನು? ಸಣ್ಣೀರಿ ಕಾಳಿನ ರಾಶಿ ಮುಂದೆ ಕೂತಿದ್ದಾಳೆ. ಒಂದು ಕಾಳು ಎತ್ತೋದು, ಅದರ ಮೂತಿಯನ್ನ ಕಟುಕ್ ಅಂತ ಕಚ್ಚೋದು, ಹಗೇವಿಗೆ ಹಾಕೋದು. ಇನ್ನೊಂದು ಎತ್ತೋದು, ಕಟುಕ್.

ದ್ಯಾವಕ್ಕನಿಗೆ ಆವತ್ತು ತಲೆ ಮೇಲಿನ ಹೊರೆ ಹೂವಿನ ಹಾಗಿತ್ತು. ನೆಟ್ಟಗೆ ಸಾಲಿನ ಹಿರಿಯಳು ಬೋರವ್ವನ ಹತ್ತಿರ ಹೋದಳು.

"ಬೋರತ್ತೆ, ಇದು ನಿನ್ನಲ್ಲೇ ಇರಲಿ. ಸಣ್ಣೀರಿ ಹಗೇವಿನ ಕಾಳಿಗೆ ಬಾಯಿ ಹಾಕ್ತಿದ್ದಾಳೆ."

"ಹಸಿವಿಗೆ ಒಂದು ಕಾಳು ಕಡಿದಿರಬೇಕು ಬಿಡೇ."

"ಒಂದಲ್ಲತ್ತೆ, ಒಂದೊಂದಕ್ಕೂ. ಮೀಸಲು ಕೂಡ ಎತ್ತಿಟ್ಟಿಲ್ಲ. ಗಂಡನ ಮನೆಯಲ್ಲೂ ಇದೇ ಕೆಲಸ ಮಾಡಿ ಓಡಿಸಿಕೊಂಡಿರಬೇಕು."

ಹೊತ್ತು ಇಳಿಯುವುದರೊಳಗೆ ಸಾಲಿನ ತಲೆಯಿಂದ ಬಾಲದ ತನಕ ಗೊತ್ತಾಯಿತು. ಎಲ್ಲರೂ ತಮ್ಮ ತಮ್ಮ ಕಾಳನ್ನ ಎರಡೆರಡು ಸಲ ನೋಡಿ, ಒಂದು ಗೀರೂ ಇಲ್ಲದ್ದನ್ನೇ ಆರಿಸಿ ತುಂಬಿದರು. ಸಣ್ಣೀರಿ ಎದುರು ಬಂದರೆ ಮುಖ ಆಚೆ ತಿರುಗಿಸಿದರು.

ಮೋಡ ಕವಿದ ದಿನ ಸಣ್ಣೀರಿ ದ್ಯಾವಕ್ಕನ ಹೊಸ್ತಿಲಿಗೆ ಬಂದಳು. "ಅಕ್ಕಾ, ಕಾಳಿನ ವಿಷಯ ಒಂದು ಮಾತು ಹೇಳೋದಿತ್ತು."

"ಅಲ್ಲೇ ನಿಲ್ಲು ತಾಯಿ. ಒಳಗೆ ಕಾಳಿದೆ," ಅಂದು ದ್ಯಾವಕ್ಕ ಬಾಗಿಲಿಗೆ ಮಣ್ಣು ಮೆತ್ತಿದಳು.

ಮಳೆ ಬಂತು. ಒಂದು ದಿನ ಬಂತು, ಹತ್ತು ದಿನ ಬಂತು, ನಿಲ್ಲಲೇ ಇಲ್ಲ. ಒಳಗೆ ಕತ್ತಲೆ, ಬೆಚ್ಚಗೆ, ಹೊಟ್ಟೆ ತುಂಬ. ದ್ಯಾವಕ್ಕ ಕಾಲು ನೀಡಿ ಕೂತಳು.

ತಿಂಗಳು ತುಂಬುವ ಮುಂಚೆ ಕಿರಿಮಗಳು ಬಂದು, "ಅವ್ವಾ, ಕಾಳಿಗೆ ಬಾಲ ಬಂದಿದೆ," ಅಂದಳು.

ಹೋಗಿ ನೋಡಿದರೆ ಒಂದೊಂದು ಕಾಳಿಗೂ ಬಿಳೀ ಬಾಲ. ಸಾಮೆಗೂ, ನವಣೆಗೂ, ಹುಲ್ಲಿನ ಬೀಜಕ್ಕೂ. ದ್ಯಾವಕ್ಕ ಕಿತ್ತಳು. ಕಿತ್ತಷ್ಟೂ ಬಂದವು. ಮೊಳಕೆ ತನ್ನ ಕಾಳನ್ನ ತಾನೇ ತಿಂದು ಬೆಳೆಯಿತು. ಉಳಿದದ್ದು ಬರೀ ಹೊಟ್ಟು. ಬೇರು ದಾರಿಗೆ ಅಡ್ಡ ಹೆಣೆದುಕೊಂಡಿತು, ಕುಡಿ ಸೂರು ಸೀಳಿತು, ಸೀಳಿನಿಂದ ನೀರು ಇಳಿಯಿತು.

ದ್ಯಾವಕ್ಕ ನೆಲಕ್ಕೆ ಹಣೆ ಇಟ್ಟಳು. "ಭೂಮಿತಾಯಿ, ಮೊದಲ ಹಿಡಿ ನಿನಗೇ ಎತ್ತಿಟ್ಟಿದ್ದೆ. ಒಂದು ಕಾಳೂ ಎಂಜಲು ಮಾಡಿಲ್ಲ. ನನಗ್ಯಾಕೆ ಹೀಗೆ ಮಾಡಿದೆ?"

"ನಾನೇನು ಮಾಡಲಿ ಮಗಳೇ," ಅಂದಳು ಭೂಮಿತಾಯಿ. "ಇಡಿಯಾಗಿ ನನ್ನ ಮಡಿಲಿಗೆ ಬಂದದ್ದಕ್ಕೆ ನೀರು ತಾಗಿದರೆ ಎಬ್ಬಿಸೋದೇ ನನ್ನ ಕೆಲಸ. ಕಾಳಿನ ಜೀವ ಅದರ ಮೂತಿಯಲ್ಲಿ ಮಲಗಿರುತ್ತೆ. ಮೂತಿ ಕಚ್ಚಿಟ್ಟಿದ್ದರೆ ಏಳುತ್ತಿರಲಿಲ್ಲ. ನಿನ್ನ ಪಕ್ಕದ ಮನೆಯವಳಿಗೆ ಹೇಳಿದ್ದೆನಲ್ಲ. ಅವಳು ನಿನಗೆ ಹೇಳಲಿಲ್ಲವಾ?"

ಹೊಸ್ತಿಲ ಮೇಲೆ ನಿಂತ ಸಣ್ಣೀರಿಯ ಎದುರೇ ಬಾಗಿಲಿಗೆ ಮೆತ್ತಿದ ಮಣ್ಣು ದ್ಯಾವಕ್ಕನ ಕಣ್ಣ ಮುಂದೆ ಬಂತು.

ಅವಳು ಆ ಬಿರುಕಿನ ಹತ್ತಿರ ಹೋದಳು, ತಿರುಗಿ ಬಂದಳು. ಯಾವ ಬಾಯಲ್ಲಿ ಕೇಳೋದು? ನಾಳೆ ಮಳೆ ನಿಂತೀತು ಅಂದುಕೊಂಡಳು. ನಾಳೆ ನಿಲ್ಲಲಿಲ್ಲ. ಮೊದಲು ಕಿರಿಮಗಳು ಸುಮ್ಮನಾದಳು. ಆಮೇಲೆ ಇನ್ನೊಬ್ಬ. ಆಮೇಲೆ ಮತ್ತೊಬ್ಬಳು. ಅವರನ್ನ ಮಲಗಿಸೋಕೆ ಒಣಗಿದ ಮೂಲೆ ಕೂಡ ಇರಲಿಲ್ಲ. ನಾಚಿಕೆ ಮುಗಿಯೋ ಹೊತ್ತಿಗೆ ಏಳರಲ್ಲಿ ಎರಡು ಉಳಿದಿದ್ದವು.

ಕೊನೆಗೆ ದ್ಯಾವಕ್ಕ ಗೋಡೆ ಒಡೆದಳು, ಬಾಯಿಂದಲೇ.

ಆಚೆ ಸಣ್ಣೀರಿ ಒಬ್ಬಳೇ ಕೂತಿದ್ದಳು. ಹಗೇವು ತುಂಬ ಕಾಳು, ಒಂದಕ್ಕೂ ಬಾಲ ಬಂದಿರಲಿಲ್ಲ.

"ಸಣ್ಣೀರಿ, ನನಗೆ ಬೇಡ, ಈ ಎರಡಕ್ಕೆ ಕೊಡು. ನಿನ್ನ ಎಂಜಲೇ ಕೊಡು."

ಸಣ್ಣೀರಿ ಕಾಳನ್ನ ಬಾಯಲ್ಲೇ ಎತ್ತಿ ಮಕ್ಕಳ ಬಾಯಿಗೆ ಇಟ್ಟಳು. ಅವುಗಳ ಹೊಟ್ಟೆ ತುಂಬುವ ತನಕ ಇಡುತ್ತಲೇ ಇದ್ದಳು. ಆಮೇಲೆ ದ್ಯಾವಕ್ಕನ ಹತ್ತಿರ ಬಂದು, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಂದು, ಒಂದೇ ಒಂದು ಮಾತು ಹೇಳಿದಳು. ಸುತ್ತಲಿನ ಮನೆಗಳ ಗೋಡೆಯೂ ಒಡೆಯಿತು, ಅವರಿಗೂ ಕೊಟ್ಟಳು. ಆದರೆ ಒಬ್ಬಳು ಕಚ್ಚಿಟ್ಟದ್ದು ಇಡೀ ಸಾಲಿಗೆ ಎಲ್ಲಿ ಸಾಲುತ್ತೆ? ಮಳೆ ಬಿಟ್ಟ ದಿನ ಆಚೆ ಬಂದದ್ದು ಅರ್ಧ ಸಾಲು. ಬೋರವ್ವ ಬರಲಿಲ್ಲ.

ಅದಕ್ಕೇ ಮಕ್ಕಳೇ, ಇವತ್ತಿಗೂ ಇರುವೆಗಳು ಕಾಳನ್ನ ತಲೆ ಮೇಲೆ ಹೊರೋದಿಲ್ಲ, ಬಾಯಲ್ಲೇ ಕಚ್ಚಿಕೊಂಡು ಬರ್ತಾವೆ. ಮೂತಿ ಕಡಿದೇ ಒಳಗಿಡ್ತಾವೆ. ಮಳೆ ಬಿಟ್ಟು ಬಿಸಿಲು ಬಿದ್ದರೆ ಗೂಡಿನ ಬಾಯಲ್ಲಿ ಹರಡಿ ಒಣಗಿಸ್ತಾವೆ. ಮತ್ತೆ ಎಷ್ಟೇ ಅವಸರವಿರಲಿ, ಸಾಲಿನಲ್ಲಿ ಎದುರಾದ ಒಬ್ಬೊಬ್ಬರ ಮುಂದೆಯೂ ನಿಂತು, ಮುಖಕ್ಕೆ ಮುಖ ತಾಗಿಸಿ, ಕೇಳಿಕೊಂಡೇ ಮುಂದೆ ಹೋಗ್ತಾವೆ. ಯಾಕಂದರೆ ಆವತ್ತು ಸಣ್ಣೀರಿ ದ್ಯಾವಕ್ಕನ ಮುಖಕ್ಕೇ ಹೇಳಿದ್ದು ಇಷ್ಟು: "ನನ್ನ ವಿಷಯ ಎಲ್ಲರಿಗೂ ಹೇಳಿದೆಯಲ್ಲ ಅಕ್ಕಾ, ಒಂದು ಮಾತು ನನ್ನನ್ನೇ ಕೇಳಿದ್ದರೆ ಏಳೂ ಉಳೀತಿದ್ದವು."